ಕಿವಿಯಿಂದ ಕಾಡು ತೋರಿಸುವವರು

ಅಣಶಿ ಸೀಮೆಯಲ್ಲಿ ಹುಲಿ ಕಂಡರೆ ಅದೃಷ್ಟ. ಕಾಡು ಕಾಣುವಂತೆ ಮಾಡುವುದು ಸಫಾರಿ ಜೀಪಿನ ಗೈಡ್‌ನ ಕಸುಬು. ಈ ಸೀಮೆಯ ಕಾಡುಗಳಾದ 1956ರ ದಾಂಡೇಲಿ ಅಭಯಾರಣ್ಯ, 1987ರ ಅಣಶಿ ರಾಷ್ಟ್ರೀಯ ಉದ್ಯಾನ ಸೇರಿ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದವು. 2015ರಿಂದ ಅದಕ್ಕೆ ಕಾಳಿ ನದಿಯ ಹೆಸರು.

ಇಲ್ಲಿನ ಪಣಸೋಲಿಯಿಂದ ಹೊರಡುವ ಸಫಾರಿ ಸುತ್ತಾಟ ಕೆಲವೇ ಗಂಟೆಗಳದು. ದಟ್ಟ ಮಲೆಗಾಡಿನಲ್ಲಿ ಕಣ್ಣು ದೂರ ಹೋಗದು. ಹಾಗಾಗಿ ಬಲ್ಲ ಗೈಡ್ ಎಂಜಿನ್ ಆಫ್ ಮಾಡಿಸಿ, ಮುಸಿಯ ಎಚ್ಚರಿಸಿ ಕೂಗಿದ್ದು ಯಾವ ದಿಕ್ಕಿಗೆಂದು ಆಲಿಸುತ್ತಾನೆ. ರೆಕ್ಕೆಯ ಭಾರೀ ಸದ್ದು ಕೇಳಿದೊಡನೆ ಹಣ್ಣು ಬಿಟ್ಟ ಆಲದತ್ತ ಬೆರಳು ಮಾಡುತ್ತಾನೆ: ಮಂಗಟ್ಟೆ! ಹೆಣ್ಣು ಪೊಟರೆಯ ಬಾಯಿ ಮುಚ್ಚಿಕೊಂಡು ಕಾವು ಕೂತಾಗ ಗಂಡು ಸಣ್ಣ ಸೀಳಿನಿಂದ ಉಣಿಸುವ ಸಂಸಾರವನ್ನು ಪಿಸುದನಿಯಲ್ಲಿ ವಿವರಿಸುತ್ತಾನೆ.

ಕರಿಚಿರತೆ ಸಿಗಲಿಲ್ಲವೆಂದು ಮುನಿದವರಿಗೂ ಕಾಟಿಯ ಹೆಜ್ಜೆ, ಉಗುರು ಗೀರಿದ ಮರ ತೋರಿಸಿಯೇ ಕಳಿಸುತ್ತಾನೆ. ನಾವು ದುಡ್ಡು ಕೊಡುವುದು ಆ ಕಸುಬಿಗೇ.