‘ಡಕ್ ಸೂಪ್’: ಒಂದು ಯುದ್ಧಪ್ರಹಸನ

ಅಮೆರಿಕಾದ ಪ್ಯಾರಾಮೌಂಟ್ ಸಂಸ್ಥೆಯು 1933ನೆಯ ಇಸವಿಯ ನವೆಂಬರಿನಲ್ಲಿ ಹೊರತಂದ ‘ಡಕ್ ಸೂಪ್’ ಎಂಬ ವಾಕ್ಚಿತ್ರವು ಬರಿಯ ಕೋಡಂಗಿಯಾಟವೆಂದೂ, ಅದರಲ್ಲಿ ಅರ್ಥವನ್ನು ಹುಡುಕುವುದು ಮರಳಿನಿಂದ ಎಣ್ಣೆ ಹಿಂಡಿದಂತೆಂದೂ ಹೇಳುವವರುಂಟು. ಚಿತ್ರದ ಹೆಸರೇ ಈ ಮಾತಿಗೆ ಎಡೆಗೊಡುವುದು; ಬಾತುಕೋಳಿಯ ಸಾರಿಗೂ ಕಥೆಗೂ ಯಾವ ಸಂಬಂಧವೂ ಇಲ್ಲ. ಆದರೆ ಅಮೆರಿಕನ್ನರ ಆಡುಮಾತಿನಲ್ಲಿ ಆ ಹೆಸರಿಗೆ ನೀರು ಕುಡಿದಷ್ಟು ಸುಲಭವಾದ ಕೆಲಸವೆಂಬ ಅರ್ಥವುಂಟು. ಎರಡು ನೆರೆರಾಜ್ಯಗಳನ್ನು ಕಾಳಗಕ್ಕಿಳಿಸುವುದು ಎಷ್ಟು ಸುಲಭವೆಂಬುದೇ ಕಥಾವಸ್ತುವಾಗಿರುವಾಗ ಹೆಸರು ಅನ್ವರ್ಥವೇ ಆಯಿತೆನ್ನಬೇಕು.

ಫ್ರೀಡೋನಿಯಾ ಎಂಬ ಕಲ್ಪಿತ ರಾಜ್ಯದ ಬೊಕ್ಕಸವು ಬರಿದಾಗಿದೆ. ಶ್ರೀಮತಿ ಟೀಸ್ಡೇಲ್ ಎಂಬ ಸಿರಿವಂತ ವಿಧವೆಯು ಎರಡು ಕೋಟಿ ಡಾಲರು ಕೊಡಲು ಒಪ್ಪುವಳು. ಆದರೆ ರೂಫಸ್ ಫೈರ್‌ಫ್ಲೈ ಎಂಬಾತನೇ ರಾಷ್ಟ್ರನಾಯಕನಾಗಬೇಕೆಂಬುದು ಆಕೆಯ ಕರಾರು. ಫೈರ್‌ಫ್ಲೈ ಎಂದರೆ ಮಿಂಚುಹುಳು. ಅದನ್ನು ದೀಪವೆಂದು ನಂಬಿದ ರಾಜ್ಯದ ಗತಿಯೇ ಕಥೆ. ನೆರೆಯ ಸಿಲ್ವೇನಿಯಾದ ರಾಯಭಾರಿ ಟ್ರೆಂಟೀನೋ ಈ ರಾಜ್ಯವನ್ನು ನುಂಗಲು ಹವಣಿಸಿ, ಒಬ್ಬ ನರ್ತಕಿಯನ್ನೂ ಇಬ್ಬರು ಗೂಢಚಾರರನ್ನೂ ನೇಮಿಸುವನು. ಆ ಚಾರರಲ್ಲೊಬ್ಬನು ಕಡಲೆಕಾಯಿ ಮಾರುತ್ತಿದ್ದವನು ಫ್ರೀಡೋನಿಯಾದ ಯುದ್ಧಮಂತ್ರಿಯೇ ಆಗಿಬಿಡುತ್ತಾನೆ! ಲಿಯೋ ಮೆಕ್‌ಕೇರಿಯವರು ನಿರ್ದೇಶಿಸಿದ ಈ ಚಿತ್ರದಲ್ಲಿ ಗ್ರೌಚೋ, ಹಾರ್ಪೋ, ಚಿಕೋ, ಜೆಪ್ಪೋ ಎಂಬ ಮಾರ್ಕ್ಸ್ ಸೋದರರು ನಾಲ್ವರೂ ಇದ್ದಾರೆ. ನಾಲ್ವರೂ ಸೋದರತಂಡವಾಗಿ ನಟಿಸಿದ ಚಿತ್ರಗಳಲ್ಲಿ ಇದೇ ಕಡೆಯದು.

ಯುದ್ಧಕ್ಕೆ ಕಿಡಿ ಬೀಳುವ ಪ್ರಸಂಗವನ್ನು ಸಹೃದಯರು ಮತ್ತೆ ಮತ್ತೆ ನೋಡತಕ್ಕದ್ದು. ಹಿಂದಿನ ವೈಮನಸ್ಯವನ್ನು ಮರೆತು ಸಂಧಿ ಮಾಡಿಕೊಳ್ಳಲು ಟ್ರೆಂಟೀನೋ ಬರುತ್ತಿರುವನೆಂದು ವಿಧವೆಯು ತಿಳಿಸುತ್ತಾಳೆ. ಮಿಂಚುಹುಳುವು ಪ್ರಸನ್ನಚಿತ್ತನಾಗಿ, ಕೈನೀಡಿ ಅವನನ್ನು ಸ್ವಾಗತಿಸುವೆನೆನ್ನುವನು. ಮರುಕ್ಷಣವೇ ಒಂದು ಶಂಕೆ: ನೀಡಿದ ಕೈಯನ್ನು ಆತನು ಹಿಡಿಯದೆ ಹೋದರೆ? ಆಗ ತನ್ನ ಮಾನವೇನಾಯಿತು, ದೇಶದ ಮಾನವೇನಾಯಿತು? ಶಂಕೆಯು ನಿಶ್ಚಯವಾಗಿ, ನಿಶ್ಚಯವು ರೋಷವಾಗಿ, ಟ್ರೆಂಟೀನೋ ಒಳಗೆ ಕಾಲಿಡುವ ಹೊತ್ತಿಗೆ ಇವನು ಕೆಂಡವಾಗಿದ್ದಾನೆ. ಬಂದವನ ಕೆನ್ನೆಗೆ ಪೆಟ್ಟು ಬೀಳುತ್ತದೆ, ಯುದ್ಧವು ಘೋಷಿತವಾಗುತ್ತದೆ.

ಲಾಕ್ಷಣಿಕರ ಮತದಂತೆ ಕ್ರೋಧಕ್ಕೆ ಆಲಂಬನವಾಗಿ ಶತ್ರುವೂ ಉದ್ದೀಪನವಾಗಿ ಅವನ ಅಪರಾಧವೂ ಬೇಕು. ಇಲ್ಲಿ ಶತ್ರುವು ಬಾಗಿಲಾಚೆ ಇದ್ದಾನೆ, ಅಪರಾಧವಿನ್ನೂ ಹುಟ್ಟಿಲ್ಲ. ಅನುಭಾವ ಮಾತ್ರ ಪರಿಪೂರ್ಣ. ಅನುಚಿತವಾಗಿ ಪ್ರವರ್ತಿಸಿದ ಯಾವ ರಸವೇ ಆಗಲಿ ಆಭಾಸವಾಗಿ ಹಾಸ್ಯಕ್ಕೆ ತಿರುಗುವುದೆಂಬ ಅಭಿನವಗುಪ್ತನ ಸಿದ್ಧಾಂತಕ್ಕೆ ಇದಕ್ಕಿಂತ ಸ್ವಚ್ಛವಾದ ಉದಾಹರಣೆ ಸಿಗುವುದು ಕಷ್ಟ. ನೋಡುವವನು ನಗುತ್ತಾನೆ, ನಗು ಇಳಿದ ಮೇಲೆ ಅಂಜುತ್ತಾನೆ. ಹಿಟ್ಲರನು ಜರ್ಮನಿಯ ಚಾನ್ಸಲರನಾದದ್ದು ಅದೇ 1933ರ ಜನವರಿಯಲ್ಲಿ. ಆಮೇಲೆ ಹಲವು ನೆರೆರಾಜ್ಯಗಳು ಕೇಳಿದ ಗರ್ಜನೆಗಳಲ್ಲಿ ಆಲಂಬನವಿದ್ದವೆಷ್ಟು, ಬಾಗಿಲಾಚೆಯವನನ್ನು ಕಲ್ಪಿಸಿಕೊಂಡು ಹುಟ್ಟಿದವೆಷ್ಟು?

ಮೈಸೂರಿನಲ್ಲಿ ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚುಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರವನ್ನು ಓದಿದವರಿಗೆ ಇನ್ನೊಂದು ವಿನೋದವೂ ಕಾದಿದೆ. ಗಡಿಗೆ ತಗಲಿದ ರಾಜನೇ ಸಹಜ ಶತ್ರುವೆಂದ ಆ ನಿಷ್ಠುರನೂ, ಸಂಧಿವಿಗ್ರಹಗಳ ಫಲ ಸಮವಾಗಿದ್ದರೆ ಸಂಧಿಯನ್ನೇ ಹಿಡಿಯಬೇಕೆಂದು ವಿಧಿಸಿದ್ದಾನೆ. ವಿಗ್ರಹದಲ್ಲಿ ಜನಕ್ಷಯವುಂಟು, ಧನವ್ಯಯವುಂಟು. ನಮ್ಮ ಮಿಂಚುಹುಳುವಿನ ಲೆಕ್ಕವೇ ಬೇರೆ. ಯುದ್ಧವನ್ನು ತಪ್ಪಿಸಲು ಏನು ಮಾಡಲೂ ಸಿದ್ಧನೆಂದು ಟ್ರೆಂಟೀನೋ ಹೇಳಿದಾಗ, ರಣರಂಗಕ್ಕೆ ಒಂದು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕಟ್ಟಿಯಾಯಿತು, ಇನ್ನು ಹೊತ್ತು ಮೀರಿತು ಎನ್ನುತ್ತಾನೆ. ತೆತ್ತ ಹಣ ವ್ಯರ್ಥವಾಗಬಾರದೆಂದು ಕಾದಾಡಿದ ರಾಜ್ಯಗಳು ಚರಿತ್ರೆಯಲ್ಲಿ ಇಲ್ಲದಿಲ್ಲ.

ಕಡಲೆಕಾಯಿಯವನಿಗೂ ಪಕ್ಕದ ಪಾನಕದಂಗಡಿಯವನಿಗೂ ಬೀದಿಯಲ್ಲಿ ನಡೆಯುವ ರಂಪವು ಕಥೆಗೆ ಹೊರತೆಂದು ಕೆಲವರ ಆಕ್ಷೇಪ. ಒಬ್ಬನ ಟೋಪಿ ಬೆಂಕಿಗೆ ಬೀಳುವುದು, ಇನ್ನೊಬ್ಬನ ಗಾಡಿ ಮಗುಚುವುದು, ಕಡೆಗೆ ಪಾನಕದ ತೊಟ್ಟಿಯಲ್ಲೇ ಕಾಲಿಟ್ಟು ತುಳಿದಾಡುವುದು. ಆಕ್ಷೇಪವು ಸರಿಯಲ್ಲ. ಗಡಿಯಲ್ಲಿ ನಡೆಯುವುದನ್ನೇ ಬೀದಿಯ ಅಳತೆಗೆ ಇಳಿಸಿ ತೋರಿಸಿದೆ. ಇಬ್ಬರಿಗೂ ವ್ಯಾಪಾರ ಹೋಯಿತು, ಇಬ್ಬರೂ ನಿಲ್ಲಿಸಲಿಲ್ಲ.

ನಿಜವಾದ ದೋಷವಿರುವುದು ಯುದ್ಧಭಾಗದಲ್ಲಿ. ದೃಶ್ಯದಿಂದ ದೃಶ್ಯಕ್ಕೆ ನಾಯಕನ ಸಮವಸ್ತ್ರವು ಕಾರಣವಿಲ್ಲದೆ ಬದಲಾಗುವುದು ಸೊಗಸಾದ ಕಲ್ಪನೆಯೇ. ಎಲ್ಲ ಯುದ್ಧಗಳೂ ಒಂದೇ ಮೈಗೆ ತೊಡಿಸಿದ ಬೇರೆ ಬೇರೆ ಅಂಗಿಗಳೆಂದಾಯಿತು. ತನ್ನ ಸೈನಿಕರ ಮೇಲೆಯೇ ಗುಂಡು ಹಾರಿಸಿ, ಸುದ್ದಿಯನ್ನು ಮುಚ್ಚಿಡಲು ಐದು ಡಾಲರು ಕೊಟ್ಟು, ಕೊಟ್ಟದ್ದನ್ನೂ ಹಿಂದಕ್ಕೆ ಕಿತ್ತುಕೊಳ್ಳುವ ಚೇಷ್ಟೆಯೂ ತೀಕ್ಷ್ಣವಾಗಿದೆ. ಆದರೆ ಆ ಗುಂಡು ತಗಲಿದವನ ಮುಖವೊಂದೂ ಕಣ್ಣಿಗೆ ಬೀಳದು. ಕರುಣದ ನೆರಳೂ ಸೋಕದ ಯುದ್ಧವು ಹಾಸ್ಯಕ್ಕೂ ಪೂರ್ಣ ವಿಷಯವಾಗಲಾರದು. ಚಾರ್ಲಿ ಚಾಪ್ಲಿನ್ನನು 1940ರ ‘ದಿ ಗ್ರೇಟ್ ಡಿಕ್ಟೇಟರ್’ ಚಿತ್ರದಲ್ಲಿ ಪೀಡಿತನಾದ ಕ್ಷೌರಿಕನನ್ನು ನಿಲ್ಲಿಸಿ ಈ ಕೊರತೆಯನ್ನು ತುಂಬಿದನು; ಆದರೆ ಕಡೆಯಲ್ಲಿ ಪಾತ್ರವನ್ನು ಬದಿಗೊತ್ತಿ ತಾನೇ ದೀರ್ಘವಾಗಿ ಬೋಧಿಸತೊಡಗಿದನು. ಕಾಂತಾಸಮ್ಮಿತವಾಗಬೇಕಾದ ಉಪದೇಶವು ಅಲ್ಲಿ ಪ್ರಭುಸಮ್ಮಿತವಾಯಿತು. ಮಾರ್ಕ್ಸ್ ಸೋದರರು ಆ ತಪ್ಪನ್ನು ಮಾಡುವುದಿಲ್ಲ.

ವಿಧವೆಯನ್ನು ಹೆಜ್ಜೆಹೆಜ್ಜೆಗೆ ಹಳಿದು ನಗಿಸುವ ಮಾತುಗಳಲ್ಲಿ ಹಲವು ಗ್ರಾಮ್ಯವೇ. ಮಾರ್ಗರೆಟ್ ಡ್ಯೂಮಂಟರ ಅಚಲ ಗಾಂಭೀರ್ಯವಿರದಿದ್ದರೆ ಅವು ಸಹ್ಯವಾಗುತ್ತಿರಲಿಲ್ಲ. ಒಂದೆಡೆ ಮಾತ್ರ ಈ ಅನೌಚಿತ್ಯವು ಗುಣವಾಗಿದೆ. ಕೊನೆಯಲ್ಲಿ ಟ್ರೆಂಟೀನೋ ಬಾಗಿಲ ಸಂದಿಯಲ್ಲಿ ಸಿಕ್ಕಿಬೀಳುವನು. ಸೋದರರು ಹಣ್ಣುಗಳನ್ನು ಎಸೆಯತೊಡಗುವರು. ಅವನು ಶರಣೆಂದರೂ ಹಣ್ಣು ತೀರುವವರೆಗೆ ಕಾಯಬೇಕೆಂದು ಉತ್ತರ. ವಿಜಯೋತ್ಸಾಹದಿಂದ ವಿಧವೆಯು ಫ್ರೀಡೋನಿಯಾದ ರಾಷ್ಟ್ರಗೀತವನ್ನು ಎತ್ತುವಳು. ಈ ನಾಯಕನನ್ನು ಗದ್ದುಗೆಗೇರಿಸಿದ್ದು ಆಕೆಯ ಹಣವೇ ಅಲ್ಲವೆ? ನಾಲ್ವರೂ ತಿರುಗಿ ಆಕೆಯ ಮೇಲೆಯೇ ಹಣ್ಣು ಬೀರುತ್ತಾರೆ. ಗೀತದ ಮಧ್ಯದಲ್ಲಿಯೇ ಚಿತ್ರವು ಮುಗಿಯುತ್ತದೆ.