ರಟ್ಟಿನ ಎತ್ತು ಮಾಡಿದವರು ಯಾರು?

ಕಾರ ಹುಣ್ಣಿಮೆ ಮುಗಿದ ಮೇಲೆ ಮಣ್ಣೆತ್ತಿನ ಅಮಾವಾಸ್ಯೆ. ಬಬಲೇಶ್ವರ ತಾಲ್ಲೂಕಿನ ನಿಡೋಣಿ ಇರುವ ವಿಜಯಪುರ ಸೀಮೆಯಲ್ಲಿ ಅಂದು ಎರೆಮಣ್ಣಿನ ಜೋಡೆತ್ತು ಮಾಡಿ, ಮುಂದೊಂದು ಗ್ವಾದಲಿ (ಮೇವಿನ ತೊಟ್ಟಿ) ಇಟ್ಟು ಪೂಜಿಸುವುದು ವಾಡಿಕೆ. ದೊಡ್ಡ ಮಕ್ಕಳು ಎತ್ತಿಗೆ ಕೋಡು ಕೂಡಿಸುವಾಗ ಪಕ್ಕದಲ್ಲಿ ಕುಳಿತ ಎರಡು ವರ್ಷದ ಕೂಸಿಗೂ ಒಂದು ಹಿಡಿ ಹಸಿಮಣ್ಣು ದಕ್ಕುತ್ತದೆ. ಕೂಸು ಎತ್ತು ಮಾಡುವುದಿಲ್ಲ. ಗುದ್ದುತ್ತದೆ, ಹಿಚುಕುತ್ತದೆ, ಬೆರಳು ತೂರಿಸಿ ತೂತು ಮಾಡುತ್ತದೆ. ಆ ಮುದ್ದೆಯನ್ನು ತಿದ್ದಬೇಕೆಂದು ಯಾರಿಗೂ ಅನ್ನಿಸುವುದಿಲ್ಲ.

ಈಗ ಮನೆಮನೆಗೂ ಬಂದಿರುವ ‘ಕಸದಿಂದ ರಸ’ ಚಟುವಟಿಕೆಯಲ್ಲಿ ಕಳೆದುಹೋಗುತ್ತಿರುವುದು ಈ ಬಿಡುಬೀಸುತನವೇ. ಬಿಸ್ಕತ್ತಿನ ರಟ್ಟು, ಖಾಲಿ ಬಾಟಲಿ, ಒಡೆದ ಬಳೆ, ಐಸ್‌ಕ್ರೀಮ್ ಕಡ್ಡಿಗಳಿಂದ ಅಂದವಾದ ಎತ್ತು, ಬಂಡಿ, ನವಿಲು ತಯಾರಾಗುತ್ತವೆ. ಕತ್ತರಿಸಿದ್ದು ದೊಡ್ಡವರು, ಅಂಟಿಸಿದ್ದೂ ದೊಡ್ಡವರು. ಕೊನೆಗೆ ಕೂಸಿನ ಕೈ ಹಿಡಿದು ಒಂದು ಬೊಟ್ಟು ಬಣ್ಣ ಹಚ್ಚಿಸಿ ಫೋಟೋ ತೆಗೆಯಲಾಗುತ್ತದೆ. ವಸ್ತು ಚೆಂದ, ಉದ್ದೇಶವೂ ಒಳ್ಳೆಯದು. ಆದರೆ ಮಗುವಿನ ಕಲೆ ಎಂದು ಅದನ್ನು ಒಪ್ಪಿಕೊಳ್ಳುವುದು ಕಷ್ಟ.

ಒಂದರಿಂದ ಮೂರು ವರ್ಷದ ಮಗು ಏನು ಮಾಡಬಲ್ಲದು ಎಂಬುದು ಗುಟ್ಟಲ್ಲ. ಒಂದೂವರೆ ವರ್ಷದ ಹೊತ್ತಿಗೆ ಮುಷ್ಟಿಯಲ್ಲಿ ಬಳಪ ಹಿಡಿದು ಗೀಚುತ್ತದೆ. ಎರಡರ ಸುಮಾರಿಗೆ ಆರೇಳು ಡಬ್ಬಿಗಳನ್ನು ಒಂದರ ಮೇಲೊಂದು ಪೇರಿಸುತ್ತದೆ. ಮೂರರ ಹೊತ್ತಿಗೆ ಸುತ್ತಿ ಬಂದು ಕೂಡುವ ದುಂಡು ಗೆರೆ ಎಳೆಯುತ್ತದೆ. ಲಕ್ಷಾಂತರ ಮಕ್ಕಳ ಚಿತ್ರಗಳನ್ನು ಕೂಡಿಹಾಕಿ ನೋಡಿದ ಅಮೆರಿಕದ ರೋಡಾ ಕೆಲಾಗ್ 1969ರ ತಮ್ಮ ಪುಸ್ತಕದಲ್ಲಿ ಗೀಚುಗಳಲ್ಲೇ 20 ಮೂಲ ಬಗೆಗಳನ್ನು ಗುರುತಿಸಿದರು. ಮನುಷ್ಯನ ಚಿತ್ರ, ಸೂರ್ಯ, ಮನೆ ಎಲ್ಲವೂ ಈ ಗೀಚಿನಿಂದ ಮೇಲೆದ್ದವು ಎಂಬುದು ಅವರ ವಾದ. ಹಾಗಿರುವಾಗ ಗೀಚು ಮುಗಿಯುವ ಮೊದಲೇ ನವಿಲು ಬೇಕೆಂದು ಅವಸರಿಸುವುದೇಕೆ?

ನಿಡೋಣಿಯಂಥ ಊರಿಗೆ ಈ ಪ್ರಶ್ನೆ ಇನ್ನೂ ಹತ್ತಿರದ್ದು. ಅಂಗನವಾಡಿಯ ಶಾಲಾಪೂರ್ವ ಶಿಕ್ಷಣ ಮೂರರಿಂದ ಆರು ವರ್ಷದ ಮಕ್ಕಳಿಗೆ. ರಾಜ್ಯದ ‘ಚಿಲಿಪಿಲಿ’ ಪಠ್ಯವೂ ಅವರಿಗಾಗಿಯೇ ಇದೆ. ಅದಕ್ಕಿಂತ ಚಿಕ್ಕವರು ಹೆಚ್ಚಾಗಿ ಮನೆಯಲ್ಲಿ, ಅವ್ವ, ಆಯಿ, ಅಕ್ಕಂದಿರ ಕಣ್ಣಳತೆಯಲ್ಲಿ ಬೆಳೆಯುತ್ತಾರೆ. ಕೇಂದ್ರ ಸರ್ಕಾರ 2024ರಲ್ಲಿ ಹೊರತಂದ ‘ನವಚೇತನ’ ಚೌಕಟ್ಟು ಹುಟ್ಟಿನಿಂದ ಮೂರು ವರ್ಷದವರೆಗಿನ ಈ ಮಕ್ಕಳನ್ನೇ ಕುರಿತದ್ದು: 36 ತಿಂಗಳ ಕ್ಯಾಲೆಂಡರ್, ವಯಸ್ಸಿಗೆ ತಕ್ಕ 140 ಚಟುವಟಿಕೆಗಳು. ಕೂಸಿನ ಆಟವನ್ನೂ ಪೋಷಣೆಯ ಭಾಗವೆಂದು ಎಣಿಸಿದ್ದು ಅದರ ದೊಡ್ಡ ಗುಣ. ಆಟದ ಸಾಮಾನು ಅಡುಗೆಮನೆಯಲ್ಲೇ ಇದೆ ಎಂಬ ಮಾತು ಪ್ರತಿ ಅವ್ವನಿಗೂ ಮುಟ್ಟಿದಾಗ ಆ ಗುಣ ಫಲ ಕೊಡುತ್ತದೆ.

ಕಸದ ಆಟಿಕೆ ಎಂದಾಕ್ಷಣ ನೆನಪಾಗುವ ಹೆಸರು ಅರವಿಂದ ಗುಪ್ತಾ. ಕಾನ್ಪುರ ಐಐಟಿಯಲ್ಲಿ ಓದಿದ ಅವರು 1970ರ ದಶಕದ ಕೊನೆಗೆ ಮಧ್ಯಪ್ರದೇಶದ ಹೋಶಂಗಾಬಾದ್ ವಿಜ್ಞಾನ ಕಾರ್ಯಕ್ರಮಕ್ಕೆ ಹೋದರು. ಹಳ್ಳಿಯ ಸಂತೆಯಲ್ಲಿ ಸಿಕ್ಕ ಸೈಕಲ್ ವಾಲ್ವ್ ಟ್ಯೂಬು, ಬೆಂಕಿಕಡ್ಡಿಗಳಿಂದ ರೇಖಾಗಣಿತ ಕಲಿಸಿದರು; 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಆ ಕೆಲಸದ ಬೆಲೆ ದೊಡ್ಡದು. ಆದರೆ ಅದು ಶಾಲೆಗೆ ಹೋಗುವ ಮಕ್ಕಳಿಗಾಗಿ ಕಟ್ಟಿದ್ದು. ಬೆಂಕಿಕಡ್ಡಿ, ಸೂಜಿ, ಅಯಸ್ಕಾಂತಗಳ ಆ ಜಗತ್ತನ್ನು ಸಿಕ್ಕಿದ್ದೆಲ್ಲ ಬಾಯಿಗಿಡುವ ಕೂಸಿನ ಮಟ್ಟಕ್ಕೆ ಹಾಗೇ ಇಳಿಸಿದರೆ ಅಪಾಯ ಕಾದಿರುತ್ತದೆ.

ಕೂಸಿನ ವಯಸ್ಸಿಗೆ ಹೆಚ್ಚು ಹೊಂದುವುದು ಬ್ರಿಟನ್ನಿನ ಎಲಿನರ್ ಗೋಲ್ಡ್‌ಶ್ಮಿಡ್ ತೋರಿದ ದಾರಿ. ಕುಳಿತುಕೊಳ್ಳಲು ಕಲಿತ ಮಗುವಿನ ಮುಂದೆ ಮರದ ಚಮಚ, ಲೋಹದ ಮುಚ್ಚಳ, ಬಟ್ಟೆ, ಬ್ರಷ್‌ಗಳ ಬುಟ್ಟಿ ಇಟ್ಟು ದೊಡ್ಡವರು ಸುಮ್ಮನೆ ಹತ್ತಿರ ಕೂಡುವುದು ಆ ಕ್ರಮ. ನಡೆಯಲು ಕಲಿತ ಮೇಲೆ ಡಬ್ಬಿ, ಕೊಳವೆ, ಸರಪಳಿಗಳನ್ನು ತುಂಬುವ, ಸುರಿಯುವ ಆಟ. ನಮ್ಮ ಸೀಮೆಗೆ ಇದು ಎರವಲು ಅನ್ನಿಸಬೇಕಿಲ್ಲ. ಕೌದಿ ಹೊಲಿದು ಉಳಿದ ಬಣ್ಣಬಣ್ಣದ ಚಿಂದಿ, ಸ್ಟೀಲ್ ಡಬ್ಬಿ, ಲಟ್ಟಣಿಗೆ, ತಿಕೋಟಾ ಕಡೆಯ ದ್ರಾಕ್ಷಿ ತುಂಬುವ ರಟ್ಟಿನ ಪೆಟ್ಟಿಗೆ ಇಲ್ಲಿಯವೇ. ಪೆಟ್ಟಿಗೆಯೊಳಗೆ ಕೂಸು ಕೂತರೆ ಬಂಡಿ. ಮಗುಚಿದರೆ ಗೀಚಲು ಹಲಗೆ. ಜೋಳದ ದಂಟಿನ ಬೆಂಡೂ ಹಗುರ, ಮೆತ್ತಗೆ. ಆದರೆ ದಂಟಿನ ಸಿಪ್ಪೆ ಕೈ ಕೊಯ್ಯುತ್ತದೆ. ಅದನ್ನು ಸುಲಿಯುವುದು ದೊಡ್ಡವರ ಕೆಲಸ. ಬೆಂಡನ್ನೂ ಕಚ್ಚಿ ತುಂಡು ಮಾಡದಂತೆ ಕಣ್ಣಿಟ್ಟಿರಬೇಕು.

ವಸ್ತುವಿನ ಆಯ್ಕೆಯಲ್ಲೇ ಇಂದಿನ ರೂಢಿ ಹೆಚ್ಚು ಎಡವುತ್ತಿದೆ. ಅಲಂಕಾರದ ಥರ್ಮಕೋಲ್, ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಚಮಚ, ಲೋಟಗಳಿಗೆ ದೇಶದಲ್ಲಿ 2022ರ ಜುಲೈ 1ರಿಂದ ನಿಷೇಧವಿದೆ. ಆದರೂ ಮಾದರಿಗಳಲ್ಲಿ ಅವುಗಳ ಬಳಕೆ ನಿಂತಿಲ್ಲ. ಮಗುವಿನ ಹಲ್ಲಿಗೆ ಸಿಕ್ಕ ಥರ್ಮಕೋಲ್ ಕಾಳುಕಾಳಾಗಿ ಉದುರುತ್ತದೆ. ಅಂಗಡಿಯ ಆಟಿಕೆಗೆ 2021ರಿಂದ ಐಎಸ್‌ಐ ಗುರುತು ಕಡ್ಡಾಯ. ಮನೆಯಲ್ಲಿ ಮಾಡಿದ್ದಕ್ಕೆ ಅಂಥ ಪರೀಕ್ಷೆ ಇಲ್ಲ, ಹಾಗಾಗಿ ಎಚ್ಚರ ಮನೆಯವರದೇ. ಆ ಪರೀಕ್ಷೆಯಲ್ಲಿ ಮೂರು ವರ್ಷದೊಳಗಿನವರ ಆಟಿಕೆಯ ಬಿಡಿಭಾಗಗಳನ್ನು ಅಳೆಯುವ ಕೊಳವೆಯ ಬಾಯಿ ಸುಮಾರು 3.2 ಸೆಂಟಿಮೀಟರ್. ಅದರೊಳಗೆ ಪೂರ್ತಿ ಅಡಗುವ ಗುಂಡಿ, ಮಣಿ, ಹುಣಸೆಬೀಜ, ಬಾಟಲಿಯ ಬಿರಡೆ ಇವೆಲ್ಲ ಉಸಿರುಗಟ್ಟಿಸಬಲ್ಲವು. ಗುಂಡಿಯಂಥ ಬ್ಯಾಟರಿ ನುಂಗಿದರೆ ಅನ್ನನಾಳ ಎರಡೇ ತಾಸಿನಲ್ಲಿ ಸುಡಬಹುದು.

ಈ ಕಾರಣಗಳಿಗಾಗಿ ‘ಕಸದಿಂದ ರಸ’ವನ್ನು ಕೈಬಿಡಬೇಕಿಲ್ಲ, ಅದರ ಅಳತೆಗೋಲು ಬದಲಾಗಬೇಕು. ಅಂಗನವಾಡಿಯ ಬಾಲಮೇಳದ ಮೇಜಿನ ಮೇಲೆ ದೊಡ್ಡವರ ನವಿಲಿನ ಜಾಗದಲ್ಲಿ ಮಕ್ಕಳೇ ಹರಿದ ಕಾಗದ, ಒತ್ತಿದ ಮಣ್ಣು, ಅರಿಸಿನ ನೀರಿನ ಕೈಗುರುತು ಇರಲಿ. ಪ್ರತಿ ಅಂಗನವಾಡಿಯ ಬಾಲವಿಕಾಸ ಸಮಿತಿ ತಾಯಂದಿರ ಸಭೆಯಲ್ಲಿ ಮನೆಯ ಆಟದ ಸಾಮಾನಿನ ಒಂದು ಬುಟ್ಟಿ ಇಟ್ಟು, ಯಾವುದು ಕೂಸಿಗೆ ಸರಿ, ಯಾವುದು ಬೇಡ ಎಂದು ಮುಟ್ಟಿ ತೋರಿಸಲಿ. ಅದಕ್ಕೆ ಬೇರೆ ಅನುದಾನ ಬೇಕಿಲ್ಲ. ಸಭೆಗೆ ಬರುವಾಗ ಪ್ರತಿಯೊಬ್ಬರೂ ಮನೆಯಿಂದ ಒಂದೊಂದು ಖಾಲಿ ಡಬ್ಬಿ ತಂದರೆ ಮೊದಲ ಬುಟ್ಟಿ ತುಂಬುತ್ತದೆ.