ಆನೆ ಕುಣಿದಾಗ ಯಾರು ನಕ್ಕರು?

ಈ ವಿಶೇಷಾಂಕಕ್ಕೆ ಸಿನಿಮಾ ಬಗ್ಗೆ ಬರೀತೀನಿ ಅಂದಾಗ ಗೆಳೆಯರೊಬ್ಬರು, ‘ದಲಿತ ವಿಮರ್ಶೆಗೂ 1937ರ ಇಂಗ್ಲಿಷ್ ಸಿನಿಮಾಕ್ಕೂ ಎಲ್ಲಿಯ ನಂಟು ಮಾರಾಯ?’ ಎಂದರು. ನಂಟು ನಮ್ಮ ಪಕ್ಕದ ತಾಲ್ಲೂಕಿನದು. ‘ಎಲಿಫೆಂಟ್ ಬಾಯ್’ ಚಿತ್ರದಲ್ಲಿ ಕಾಣುವ ಕಾಡು ಎಚ್.ಡಿ. ಕೋಟೆಯ ಕಾಕನಕೋಟೆ ಸೀಮೆಯದು. ಅದರ ಹುಡುಗ ಸಾಬು 1924ರಲ್ಲಿ ಕಾರಾಪುರದಲ್ಲಿ ಹುಟ್ಟಿದವನು, ಮಾವುತನ ಮಗ. ಕಟ್ಟೆಮಳಲವಾಡಿಯ ನನ್ನ ದೊಡ್ಡಪ್ಪ ಅದೇ ಕಾಡಿನಲ್ಲಿ ಖೆಡ್ಡಾಕ್ಕೆ ತಮಟೆ ಬಡಿದವರು.

ಚಿತ್ರದ ಹುಟ್ಟೇ ಒಂದು ತೇಪೆ ಕೆಲಸ. ಕಿಪ್ಲಿಂಗ್ 1894ರಲ್ಲಿ ಪ್ರಕಟಿಸಿದ ತೂಮಾಯಿಯ ಕತೆಯನ್ನು ಸಿನಿಮಾ ಮಾಡಲು ಲಂಡನ್ನಿನ ಅಲೆಗ್ಸಾಂಡರ್ ಕೋರ್ಡಾ ದುಡ್ಡು ಹಾಕಿದ. 1922ರಲ್ಲಿ ಎಸ್ಕಿಮೋಗಳ ಬಗ್ಗೆ ಚಿತ್ರ ಮಾಡಿ ಹೆಸರಾಗಿದ್ದ ರಾಬರ್ಟ್ ಫ್ಲಾಹರ್ಟಿ 1935ರಲ್ಲಿ ಮೈಸೂರಿಗೆ ಬಂದ. ಮಹಾರಾಜರು ಬಿಡಾರಕ್ಕೆ ಚಿತ್ತರಂಜನ್ ಅರಮನೆ ಕೊಟ್ಟರು, ಆನೆಗಳನ್ನೂ ಕೊಟ್ಟರು. ಐರಾವತ ಎಂಬ ಆನೆ ಕತೆಯ ಕಾಲಾನಾಗನಾಯಿತು. ಫ್ಲಾಹರ್ಟಿ ತಿಂಗಳುಗಟ್ಟಲೆ ರೀಲು ಸುತ್ತಿದ. ಕತೆ ಮಾತ್ರ ಮುಂದೆ ಹೋಗಲಿಲ್ಲ. ಕೊನೆಗೆ ಇಂಗ್ಲೆಂಡಿನ ಡೆನ್‌ಹ್ಯಾಮ್ ಸ್ಟುಡಿಯೋದಲ್ಲಿ ಜೋಲ್ಟಾನ್ ಕೋರ್ಡಾ ಮಾತಿನ ದೃಶ್ಯಗಳನ್ನು ತೆಗೆದು ಸೇರಿಸಿದ. ಅರ್ಧ ಕಬಿನಿ ದಂಡೆ, ಅರ್ಧ ಸ್ಟುಡಿಯೋ. ಒಂದು ಗಳಿಗೆ ನಗಿಸೋದು, ಮರುಗಳಿಗೆ ಹುಲಿಯನ್ನೋ ಮದವೇರಿದ ಆನೆಯನ್ನೋ ಬಿಟ್ಟು ಎದೆ ಝಲ್ಲೆನ್ನಿಸೋದು. ಮಾತು ಕಲಿತ ಹೊಸತರಲ್ಲಿ ಸಿನಿಮಾಕ್ಕೆ ಒಗ್ಗಿಹೋಗಿದ್ದ ವರಸೆ ಇದು.

ಬಂದ ಅಭಿಪ್ರಾಯವೂ ಎರಡು ಹೋಳು. 1937ರ ವೆನಿಸ್ ಉತ್ಸವದಲ್ಲಿ ಇಬ್ಬರಿಗೂ ಸೇರಿಸಿ ನಿರ್ದೇಶನದ ಪ್ರಶಸ್ತಿ ಬಂತು. ಅದೇ ವರ್ಷ ಲಂಡನ್ನಿನಲ್ಲಿ ಗ್ರಹಾಂ ಗ್ರೀನ್, ಅಷ್ಟು ಕಾಲ ಇಂಡಿಯಾದಲ್ಲಿದ್ದು ತಂದದ್ದು ಇಷ್ಟೇನಾ ಎಂಬ ಧಾಟಿಯಲ್ಲಿ ಝಾಡಿಸಿದ. ಮುಂದೆ ನಿಂತ ತೀರ್ಪು ಇದು: ಫ್ಲಾಹರ್ಟಿಯ ಅರ್ಧ ಸತ್ಯ, ಕೋರ್ಡಾನ ಅರ್ಧ ಸುಳ್ಳು. ಮೈಸೂರಿನಲ್ಲಿ ಓದುವಾಗ ನಾನೂ ಇದನ್ನೇ ಗಿಳಿಪಾಠ ಒಪ್ಪಿಸುತ್ತಿದ್ದೆ. ಅದಕ್ಕೆ ‘ಸಾಮ್ರಾಜ್ಯಶಾಹಿ ಚಿತ್ರ’ ಎಂಬ ಇನ್ನೊಂದು ಮಾತು ಸೇರಿಸಿದರೆ ಲೇಖನ ಮುಗಿದಂತೆ ಅಂದುಕೊಂಡಿದ್ದೆ.

ಹೋದ ಬೇಸಿಗೆಯಲ್ಲಿ ದೊಡ್ಡಪ್ಪನಿಗೆ ಚಿತ್ರ ತೋರಿಸಿದೆ. ಪೀಟರ್ಸನ್ ಸಾಹೇಬನ ಬಲಗೈ ಬಂಟ ಮಾಚುವಾ ಅಪ್ಪ ತೆರೆಗೆ ಬಂದದ್ದೇ ತಡ, ‘ಇವ್ನ್ಯಾರ್ಲಾ ಮಗ, ಮೊಕುಕ್ಕೆ ಮಸಿ ಬಳ್ಕೊಂಡು ನಾಟ್ಕದೋನಂಗೆ ಬಂದವ್ನಲ್ಲ!’ ಎಂದು ನಗತೊಡಗಿದರು. ಹೌದು, ಅವನು ಆಲನ್ ಜೇಯ್ಸ್ ಎಂಬ ಇಂಗ್ಲಿಷ್ ನಟ. ತೂಮಾಯಿಯ ಅಪ್ಪನಾದವನೂ ಇಂಗ್ಲಿಷಿನವನೇ. ಇಬ್ಬರಿಗೂ ಬಣ್ಣ ಬಳಿದಿದ್ದಾರೆ. ಆ ಅಪ್ಪನನ್ನು ಹುಲಿ ಕೊಲ್ಲುವ ರಾತ್ರಿ ಚಿತ್ರ ನಮ್ಮನ್ನು ಹೆದರಿಸಲು ನೋಡುತ್ತೆ. ದೊಡ್ಡಪ್ಪ ಅಲ್ಲೂ ಕಿಸಕ್ಕನೆ ನಕ್ಕರು.

ಆದರೆ ಎಲ್ಲರೂ ನಗಲಿ ಅಂತಲೇ ಇಟ್ಟ ಒಂದು ಕಡೆ ಅವರು ನಗಲಿಲ್ಲ. ಹುಡುಗ ನಾನೂ ಬೇಟೆಗಾರ ಆಗ್ತೀನಿ ಅಂತಾನೆ. ಆನೆ ಕುಣಿಯೋದನ್ನ ನೋಡಿ ಬಾ, ಆಮೇಲೆ ಆಗುವೆಯಂತೆ ಎಂಬ ಉತ್ತರ ಬರುತ್ತೆ. ಅಂದ್ರೆ ಯಾವತ್ತೂ ಇಲ್ಲ ಅಂತ. ಗಂಡಸರೆಲ್ಲ ಗೊಳ್ಳೆಂದು ನಗುತ್ತಾರೆ. ದೊಡ್ಡಪ್ಪ ಬೀಡಿ ಕೆಳಗಿಟ್ಟು, ‘ಇಂಗೇ ಕಣ ಅವ್ರು ನಗಾದು’ ಅಂದ್ರು. ಅವರು ಯಾರ ನಗೆಯನ್ನು ನೆನೆಸಿಕೊಂಡರೋ ನಾನು ಕೇಳಲಿಲ್ಲ. ಮೇಷ್ಟ್ರಾಗ್ತೀನಿ ಅಂದಿದ್ದ ನನಗೂ ಅಂಥ ನಗೆಯ ಗುರುತಿದೆ.

ಸತ್ಯದ ಅರ್ಧ, ಸುಳ್ಳಿನ ಅರ್ಧ ಎಂಬ ವಿಂಗಡಣೆ ನನಗೆ ಅಲುಗಾಡಿದ್ದು ಇಲ್ಲಿ. ‘ಸತ್ಯ’ದ ಅರ್ಧದಲ್ಲಿ ಖೆಡ್ಡಾ ಇದೆ. ಹಿಂಡು ಹಿಂಡು ಆನೆ, ನೀರು, ಧೂಳು. ಕ್ಯಾಮೆರಾ ಆನೆಗಳ ಮೇಲೆ ನಿಲ್ಲುತ್ತೆ, ಆನೆ ಓಡಿಸಿದವರ ಮುಖದ ಮೇಲೆ ನಿಲ್ಲೋದಿಲ್ಲ. ಕಾಡು ಬಲ್ಲ ಕುರುಬರು, ಹಗಲು ರಾತ್ರಿ ಬೆಂಕಿ ಕಾಯ್ದವರು, ತಮಟೆ ಬಡಿದವರು ಎಲ್ಲ ಒಂದು ಗದ್ದಲ, ಅಷ್ಟೆ. ‘ನೋಡಕ್ ಬಂದೋರ್ಗೆ ಅಟ್ಟಣೆ ಕಟ್ಟಿದ್ರು, ನಾವು ಕೆಳ್ಗೆ’ ಅಂತ ದೊಡ್ಡಪ್ಪ ಹೇಳೋದು 1971ರ ಕೊನೆಯ ಖೆಡ್ಡಾದ ಮಾತು. ಫ್ಲಾಹರ್ಟಿಯ ಸತ್ಯವೂ ಅಟ್ಟಣೆ ಮೇಲಿನದೇ. ಸುಳ್ಳಿನ ಅರ್ಧವಾದರೂ, ಗೊತ್ತಿಲ್ಲದೆಯೇ ಇರಬಹುದು, ಆ ನಗೆಯನ್ನು ಹಿಡಿದಿಟ್ಟಿದೆ.

ಹಾಗಂತ ಚಿತ್ರವನ್ನು ಎತ್ತಿ ಬಿಸಾಕಲು ಸಾಬು ಬಿಡೋದಿಲ್ಲ. ಐರಾವತನ ಹತ್ತಿರ ಅವನು ಹೋಗುವ ರೀತಿ, ಕತ್ತಿನ ಮೇಲೆ ಕೂರುವ ರೀತಿ ಯಾವ ನಿರ್ದೇಶಕನೂ ಹೇಳಿಕೊಟ್ಟದ್ದಲ್ಲ. ಲಾಯದಲ್ಲಿ ಬೆಳೆದ ಮೈಯದು. ಅವನು ಮುಸ್ಲಿಮ. ನಮ್ಮಲ್ಲಿ ಕೆಲವರು ‘ನಮ್ಮ ಜಾತಿಯವನಲ್ಲವಲ್ಲ’ ಅಂದಾರು. ಲದ್ದಿ ಬಾಚಿದ ಕೈಯನ್ನು ಗುರುತಿಸದ ವಿಮರ್ಶೆ ನಮ್ಮದು ಹೇಗಾದೀತು? ಮುಂದೆ ಅವನು ‘ದಿ ಥೀಫ್ ಆಫ್ ಬಗ್ದಾದ್’, ‘ಜಂಗಲ್ ಬುಕ್’ ಚಿತ್ರಗಳಲ್ಲಿ ಮೆರೆದ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಬಾಂಬರ್ ವಿಮಾನದ ಹಿಂದುಗಡೆ ಕೂತು ಮೆಷಿನ್‌ಗನ್ ಹಿಡಿದು ಪದಕ ಪಡೆದ. ಸಿನಿಮಾದವರು ಮಾತ್ರ ಅವನ ಕಾಡು, ರುಮಾಲು ಬಿಡಿಸಲೇ ಇಲ್ಲ. 1963ರಲ್ಲಿ, 39ನೇ ವಯಸ್ಸಿಗೇ ತೀರಿಕೊಂಡ.

ಎಪ್ಪತ್ತರ ದಶಕದಲ್ಲಿ ಕಬಿನಿ ಅಣೆಕಟ್ಟೆ ಎದ್ದು ಖೆಡ್ಡಾದ ಜಾಗ ನೀರಲ್ಲಿ ಮುಳುಗಿತು. ಆ ಜಾಗ ಈಗ ಉಳಿದಿರೋದು ಇಂಥ ರೀಲುಗಳಲ್ಲೇ. ಚಿತ್ರ ಮುಗಿದ ಮೇಲೆ ದೊಡ್ಡಪ್ಪ ಖೆಡ್ಡಾದ ಭಾಗವನ್ನು ಮತ್ತೆ ಹಾಕಿಸಿಕೊಂಡರು. ಚಿತ್ರ ಕಾಣಲಿಲ್ಲವೇನೋ, ಕಣ್ಣು ಮುಚ್ಚಿ ಕಿವಿ ಕೊಟ್ಟು ಕೂತಿದ್ದರು. ‘ಆ ಸಬ್ದ ಸರಿಗಿಲ್ಲ ಕಲಾ. ಆನೆ ಎದ್ರುಗ್ ಬಂದಾಗ ಯಾರೂ ಇಷ್ಟು ನಿದಾನ್ಕೆ ಬಡಿಯಲ್ಲ’ ಎಂದರು.